ಪೇಟಿಯಾ: ಲಂಬಾಣಿ ಕುಣಿತದ ಲಂಗ

ಪೇಟಿಯಾ ಎಂಬುದು ಲಂಬಾಣಿ ಹೆಂಗಸರು ಉಡುವ, ಸೊಂಟದಿಂದ ಕಣಕಾಲಿನವರೆಗೆ ಇಳಿಯುವ ನೆರಿಗೆಯ ಲಂಗ. ಬೆನ್ನ ಹಿಂದೆ ದಾರದಿಂದ ಬಿಗಿಯುವ ಕಾಂಚಳಿ ಎಂಬ ಕುಪ್ಪಸ ಮತ್ತು ತಲೆಯ ಮೇಲಿಂದ ಇಳಿಬಿಡುವ ಕಸೂತಿಯ ಮೇಲುದ ಇದರ ಜೊತೆಗಿರುತ್ತವೆ. ಬಳ್ಳಾರಿ ಜಿಲ್ಲೆಯಲ್ಲಿ ಈ ಉಡುಪಿನ ಮುಖ್ಯ ನೆಲೆ ಸಂಡೂರು ತಾಲ್ಲೂಕಿನ ತಾಂಡಾಗಳು, ಅಂದರೆ ಲಂಬಾಣಿ ವಸತಿಗಳು. ಸುಶೀಲಾನಗರ ಅವುಗಳಲ್ಲಿ ಹೆಸರಾದದ್ದು. ಸಂಡೂರಿನ ಕೆಂಪು ಗುಡ್ಡಗಳಿಂದ ಪೂರ್ವಕ್ಕೆ ಇಳಿದರೆ ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಎರೆ ಹೊಲಗಳು ಸಿಗುತ್ತವೆ. ಒಂದು ಕಾಲಕ್ಕೆ ಅವು ಹತ್ತಿಗೇ ಪ್ರಸಿದ್ಧವಾಗಿದ್ದವು. ಪೇಟಿಯಾದ ಮೈಬಟ್ಟೆಯೂ ಹತ್ತಿಯದೇ.

ರಾಜಸ್ಥಾನದ ಘಾಗ್ರಾಕ್ಕೂ ಪೇಟಿಯಾಕ್ಕೂ ಹತ್ತಿರದ ನಂಟಿದೆ. ಹಲವು ಗಜ ಬಟ್ಟೆಯನ್ನು ಒತ್ತೊತ್ತಾಗಿ ನೆರಿಗೆ ಹಿಡಿದು ಸೊಂಟದ ಪಟ್ಟಿಗೆ ಸೇರಿಸುತ್ತಾರೆ. ಪಟ್ಟಿಯೊಳಗೆ ಲಾಡಿ ಪೋಣಿಸಿ ಬಿಗಿಯುತ್ತಾರೆ. ಕೆಂಪು, ಕಡುನೀಲಿ, ಹಳದಿ ಬಣ್ಣಗಳು ಹೆಚ್ಚು. ಕೆಳ ಅಂಚಿಗೆ ಬೇರೆ ಬೇರೆ ಬಣ್ಣದ ಬಟ್ಟೆ ತುಂಡುಗಳನ್ನು ಪದರವಾಗಿ ಕೂಡಿಸಿ, ಮೇಲೆ ದಾರದ ಕೆಲಸ ಮಾಡುತ್ತಾರೆ. ಕನ್ನಡಿ ಚೂರು, ಕವಡೆ, ಮಣಿ, ಉಣ್ಣೆಯ ಗೊಂಡೆ, ಹಳೆಯ ನಾಣ್ಯ ಇವೆಲ್ಲ ಉಡುಪಿನ ಮೇಲೆ ಏರುತ್ತವೆ. ಸಂಡೂರಿನ ಲಂಬಾಣಿ ಕಸೂತಿಯಲ್ಲಿ 14 ಬಗೆಯ ಹೊಲಿಗೆಗಳನ್ನು ಗುರುತಿಸಿದ್ದಾರೆ. ಕಿಲನ್, ವೇಲೆ, ಮಾಕಿ, ರೇಲೋ, ನಾಕ್ರಾ ಅವುಗಳಲ್ಲಿ ಕೆಲವು. ಇವುಗಳಿಗೆ ಬರೆದಿಟ್ಟ ನಕ್ಷೆಯಿರಲಿಲ್ಲ. ತಾಯಿಯ ಪಕ್ಕದಲ್ಲಿ ಕೂತ ಮಗಳು ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುವುದನ್ನು ಕಲಿಯುತ್ತಿದ್ದಳು.

ಈ ಪದರ, ಕಸೂತಿಗಳಿಂದ ಅಂಚಿಗೆ ಸೇರುವ ಭಾರ ಬರೀ ಅಲಂಕಾರಕ್ಕೆ ಬಂದದ್ದಲ್ಲ. ಹೋಳಿ, ತೀಜ್, ದೀಪಾವಳಿಗಳಲ್ಲಿ ಲಂಬಾಣಿ ಹೆಂಗಸರು ವೃತ್ತವಾಗಿ ನಿಂತು, ಮುಂದಕ್ಕೆ ಬಾಗಿ ಚಪ್ಪಾಳೆ ತಟ್ಟಿ, ಹಾಡುತ್ತ ಸುತ್ತು ಹಾಕುತ್ತಾರೆ. ಮೈ ತಿರುಗಿದಾಗ ತೂಕದ ಅಂಚು ಹೊರಕ್ಕೆ ಸೆಳೆಯುತ್ತದೆ, ನೆರಿಗೆ ಬಿಚ್ಚಿಕೊಂಡು ಲಂಗ ಕೊಡೆಯಂತೆ ಅರಳುತ್ತದೆ. ಹೆಜ್ಜೆ ನಿಂತಾಗ ಅದೇ ತೂಕ ಬಟ್ಟೆಯನ್ನು ತಟ್ಟನೆ ಕೆಳಗಿಳಿಸುತ್ತದೆ. ಹಗುರ ಅಂಚಿನ ಲಂಗ ಹೀಗೆ ತಾಳಕ್ಕೆ ಸರಿಯಾಗಿ ಬೀಳುವುದಿಲ್ಲ. ಕಾಲಿನ ಕಡಗ, ಕೈತುಂಬ ಬಳೆ, ಕವಡೆ, ನಾಣ್ಯಗಳು ಒಂದಕ್ಕೊಂದು ತಾಗಿ ಎಬ್ಬಿಸುವ ಸದ್ದು ಹಾಡಿಗೆ ಇನ್ನೊಂದು ವಾದ್ಯವಾಗುತ್ತದೆ.

ಈ ಉಡುಪಿನ ಚರಿತ್ರೆ ಹೇರೆತ್ತುಗಳ ಹಾದಿಯಲ್ಲಿ ಸಾಗಿಬಂದಿದೆ. ಬಂಜಾರ, ಲಂಬಾಡಿ, ಸುಗಾಲಿ ಎಂದೂ ಕರೆಸಿಕೊಳ್ಳುವ ಈ ಜನ ಸಾವಿರಾರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತಿದ್ದರು. ಉಪ್ಪಿನ ಸಂಸ್ಕೃತ ಹೆಸರಾದ ಲವಣದಿಂದಲೇ ಲಂಬಾಣಿ ಎಂಬ ಹೆಸರು ಬಂತೆಂಬ ವಿವರಣೆಯೂ ಇದೆ. 17ನೆಯ ಶತಮಾನದಲ್ಲಿ ದಖ್ಖನಿಗೆ ಬಂದ ಮೊಗಲ್ ಸೇನೆಗಳಿಗೆ ಇವರೇ ಧಾನ್ಯ ಒದಗಿಸಿದರು. 1791–92ರಲ್ಲಿ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯವೂ ಇವರ ಹೇರುಗಳನ್ನೇ ನೆಚ್ಚಿತ್ತು. ಇಂಥ ಬದುಕಿನಲ್ಲಿ ಮನೆ, ಪೆಟ್ಟಿಗೆ, ಕಪಾಟು ಇಲ್ಲ. ಗಳಿಸಿದ ಬೆಳ್ಳಿ, ನಾಣ್ಯ, ಕವಡೆಗಳಿಗೆ ಹೆಂಗಸಿನ ಮೈಮೇಲಿನ ಉಡುಪೇ ತಿಜೋರಿ. ಎತ್ತಿನ ಹಣೆಪಟ್ಟಿಗೂ ಹೇರುಚೀಲಕ್ಕೂ ಹಾಕುತ್ತಿದ್ದ ಕವಡೆ, ಗೊಂಡೆ, ಕಸೂತಿಗಳೇ ಹೆಂಗಸರ ಉಡುಪಿನಲ್ಲೂ ಕಾಣುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮನುಷ್ಯರೂ ಎತ್ತುಗಳೂ ಒಂದೇ ಕೈಯ ಸಿಂಗಾರದಲ್ಲಿ ನಡೆದರು.

ಯುರೋಪಿನ ನೃತ್ಯದ ಲಂಗದೊಡನೆ ಇಟ್ಟು ನೋಡಿದರೆ ಪೇಟಿಯಾದ ಗುಣ ಇನ್ನಷ್ಟು ಸ್ಪಷ್ಟವಾಗುತ್ತದೆ. ರೊಮ್ಯಾಂಟಿಕ್ ಬ್ಯಾಲೆಯ ಟುಟು ಎಂಬ ಲಂಗಕ್ಕೆ ಹುಟ್ಟಿದ ದಿನವನ್ನೇ ಹೇಳುವ ವಾಡಿಕೆಯಿದೆ: 1832ರ ಮಾರ್ಚ್ 12. ಅಂದು ಪ್ಯಾರಿಸ್ಸಿನ ಒಪೆರಾ ರಂಗಮಂದಿರದಲ್ಲಿ ಮರೀ ತಾಲ್ಯೋನಿ ‘ಲಾ ಸಿಲ್ಫೀದ್’ ಬ್ಯಾಲೆಯಲ್ಲಿ ಗಾಳಿಯ ಕನ್ಯೆಯಾಗಿ ಕುಣಿದಳು. ಉಡುಪಿನ ವಿನ್ಯಾಸ ಯೂಜೀನ್ ಲಾಮಿಯದೆಂದು ಹೇಳುತ್ತಾರೆ. ಬಿಗಿಯಾದ ಮೇಲಂಗಿ, ಮೀನಖಂಡದವರೆಗೆ ಇಳಿಯುವ ತೆಳು ಬಿಳಿ ಬಟ್ಟೆಯ ಹಲವು ಪದರ. ಅನಿಲದೀಪದ ಬೆಳಕಿನಲ್ಲಿ ನರ್ತಕಿ ನೆಲ ಬಿಟ್ಟು ತೇಲಿದಂತೆ ಕಾಣಬೇಕಿತ್ತು. ಆ ಹಗುರಿಗೆ ತೆತ್ತ ಬೆಲೆ ಘೋರ. 1862ರಲ್ಲಿ ತಾಲೀಮಿನ ವೇಳೆ ಎಮ್ಮಾ ಲಿವ್ರಿಯ ಲಂಗಕ್ಕೆ ಅನಿಲದೀಪದ ಬೆಂಕಿ ತಗುಲಿತು. ಮರುವರ್ಷ ಆ ಎಳೆಯ ನರ್ತಕಿ ತೀರಿಕೊಂಡಳು. ಟುಟು ಭಾರವನ್ನು ಮರೆಮಾಡುತ್ತದೆ, ಪೇಟಿಯಾ ಭಾರವನ್ನೇ ಕುಣಿಸುತ್ತದೆ. ಬ್ಯಾಲೆಯ ಲಂಗ ಎದುರಿಗೆ ಕೂತ ಪ್ರೇಕ್ಷಕರಿಗಾಗಿ ರೂಪುಗೊಂಡಿತು. ಪೇಟಿಯಾದ ವೃತ್ತದಲ್ಲಿ ನೋಡುವವರೂ ಕುಣಿಯುವವರೂ ಅದೇ ತಾಂಡಾದವರು, ಆ ಲಂಗ ಹೊಲಿದವರೂ ಅವರೇ.

19ನೆಯ ಶತಮಾನದ ದ್ವಿತೀಯಾರ್ಧದಲ್ಲಿ ರೈಲು, ಬಂಡಿರಸ್ತೆಗಳು ಬಂದು ಹೇರಿನ ವ್ಯಾಪಾರ ಮುರಿದುಬಿತ್ತು. ಜೀವನೋಪಾಯ ಕಳೆದುಕೊಂಡ ಅಲೆಮಾರಿಗಳ ಮೇಲೆ ಬ್ರಿಟಿಷ್ ಸರ್ಕಾರ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಹೇರಿತು. ಲಂಬಾಣಿಗರೂ ಹಲವೆಡೆ ಅದರ ಅಡಿಗೆ ಬಂದರು. ಇದು ಒಂದಿಡೀ ಜನಕ್ಕೆ ಮಾಡಿದ ಅನ್ಯಾಯ. ಕಾಯಿದೆ 1952ರಲ್ಲಿ ಹೋದರೂ ಅದರ ಕಳಂಕ ಬೇಗ ಅಳಿಯಲಿಲ್ಲ. ದೂರದಿಂದಲೇ ಗುರುತು ಹೇಳುವ ಪೇಟಿಯಾ ಆ ದಿನಗಳಲ್ಲಿ ಉಟ್ಟವಳ ಹೆಮ್ಮೆಯಾಗಿದ್ದಷ್ಟೇ ಆತಂಕವೂ ಆಗಿದ್ದಿರಬೇಕು. ತಾಂಡಾಗಳು ಒಂದೆಡೆ ನೆಲೆನಿಂತು ಕೂಲಿ, ಬೇಸಾಯ, ಗಣಿ ಕೆಲಸಗಳು ಬದುಕಾದವು. ಶಾಲೆಗೂ ಪೇಟೆಗೂ ಹೋಗುವ ಹೊಸ ತಲೆಮಾರು ಸೀರೆ, ಚೂಡಿದಾರಕ್ಕೆ ತಿರುಗಿತು. ದಂತದ ಬಳೆಗಳ ಜಾಗಕ್ಕೆ ಮೂಳೆಯವು, ಆಮೇಲೆ ಪ್ಲಾಸ್ಟಿಕ್ಕಿನವು ಬಂದವು.

ಕಸೂತಿಗೆ ಮರುಜೀವ ಬಂದದ್ದು ಸಂಡೂರಿನಲ್ಲೇ. ಅಲ್ಲಿನ ರಾಜಮನೆತನದ ಎಂ. ವೈ. ಘೋರ್ಪಡೆ ಅವರ ಪ್ರೋತ್ಸಾಹದಿಂದ 1980ರ ದಶಕದಲ್ಲಿ ರೂಪುಗೊಂಡ ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ಹೆಂಗಸರ ಸೂಜಿ ಕೆಲಸಕ್ಕೆ ಕೂಲಿ ಮತ್ತು ಮಾರುಕಟ್ಟೆ ಒದಗಿಸಿತು. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ 450ಕ್ಕೂ ಹೆಚ್ಚು ಕಸೂತಿಗಾರ್ತಿಯರ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆಯಾಯಿತು.

ಆದರೆ ಮನ್ನಣೆ ಸಿಕ್ಕಿದ್ದು ಹೊಲಿಗೆಗೆ, ಲಂಗಕ್ಕಲ್ಲ. ಕೊಳ್ಳುವವರು ಕೇಳುವುದು ಕೈಚೀಲ, ದಿಂಬಿನ ಹೊದಿಕೆ, ಕುರ್ತಾದ ಅಂಚು. ಅಂಥ ವಸ್ತುವಿಗೆ ಒಂದು ಅಂಗೈಯಗಲ ಕಸೂತಿ ಸಾಕು, ಪೂರ್ತಿ ಪೇಟಿಯಾಕ್ಕೆ ತಿಂಗಳುಗಟ್ಟಲೆ ಬಿಡುವು ಬೇಕು. ವೇದಿಕೆಯ ಮೇಲಿನ ಲಂಬಾಣಿ ನೃತ್ಯಕ್ಕೆ ಯಂತ್ರದಲ್ಲಿ ಹೊಲಿದ, ಜರಿಪಟ್ಟಿ ಹಚ್ಚಿದ ಹಗುರ ಲಂಗಗಳು ಬಂದಿವೆ; ಅವು ಬೇಗ ಅರಳುತ್ತವೆ, ಮೆಲ್ಲಗೆ ಬೀಳುತ್ತವೆ. ಕೈಹೊಲಿಗೆಯ ಭಾರದ ಪೇಟಿಯಾ ಈಗ ಹೆಚ್ಚಾಗಿ ಕಾಣುವುದು ತಾಂಡಾದ ಹಿರಿಯ ಹೆಂಗಸರಲ್ಲಿ, ಹಬ್ಬದ ಕುಣಿತಕ್ಕೆ ಅವರು ವೃತ್ತ ಕಟ್ಟಿದಾಗ.