ಅಳಿದ ರಾಜ್ಯ, ಉಳಿದ ಹೆಸರು

ಸಿಂಗಪುರದಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತ, "ಸಾರ್, ನಮ್ಮ ಆಫೀಸಿನಲ್ಲಿ ಒಬ್ಬ ಚೆನ್, ಒಬ್ಬ ಚಾನ್, ಇಬ್ಬರು ತಾನ್ ಇದ್ದಾರೆ. ಚೀನೀ ಲಿಪಿಯಲ್ಲಿ ಬರೆಯಿರೆಂದರೆ ನಾಲ್ವರೂ ಒಂದೇ ಅಕ್ಷರ ಬರೆಯುತ್ತಾರೆ! ಇದೇನು ಸೋಜಿಗ?" ಎಂದ. ಇನ್ನೊಂದು ಪ್ರಶ್ನೆಯೂ ಅವನಲ್ಲಿತ್ತು: ಊರಿನ ಮನೆ ಮಾರಿಯಾಯಿತು, ಇನ್ನು ಮಗನ ಹೆಸರಿನ ಮುಂದೆ ಆ ಊರಿನ ಅಕ್ಷರವೇಕೆ? ಮೊದಲನೆಯದನ್ನು ಹೇಳಿದರೆ ಎರಡನೆಯದಕ್ಕೂ ದಾರಿ ಕಂಡೀತೆಂದು ಆರಂಭಿಸಿದೆ.

ಸೋಜಿಗವೇನೂ ಇಲ್ಲ. ಹಳಗನ್ನಡದ 'ಪಾಲ್' ನಮ್ಮ ಬಾಯಲ್ಲಿ 'ಹಾಲು' ಆಯಿತು. ತಮಿಳರಲ್ಲಿ 'ಪಾಲ್' ಆಗಿಯೇ ಉಳಿಯಿತು. ಇದೂ ಹಾಗೆಯೇ. ಉತ್ತರ ಚೀನದ ಮಾತಿನಲ್ಲಿ ಚೆನ್ ಆದದ್ದು ಕ್ಯಾಂಟನ್ ಕಡೆ ಚಾನ್ ಆಯಿತು, ಫುಜಿಯಾನ್ ಕಡೆಯವರಲ್ಲಿ ಹಳೆಯ ತಕಾರ ಉಳಿದು ತಾನ್ ಆಯಿತು, ವಿಯೆಟ್ನಾಮಿನಲ್ಲಿ ತ್ರಾನ್. ತೈವಾನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಮನೆತನದ ಹೆಸರು ಚೆನ್. ಸಿಂಗಪುರದ ಚೀನೀಯರಲ್ಲಿ ತಾನ್.

ಮೂಲದಲ್ಲಿ ಇದು ಒಂದು ರಾಜ್ಯದ ಹೆಸರು. ಕ್ರಿ.ಪೂ. 11ನೆಯ ಶತಮಾನದಲ್ಲಿ ಷಾಂಗ್ ವಂಶವನ್ನು ಸೋಲಿಸಿದ ಜೌ ವಂಶದ ಅರಸ ವು, ಪುರಾಣಪ್ರಸಿದ್ಧನಾದ ಶುನ್ ಚಕ್ರವರ್ತಿಯ ಸಂತತಿಯವನೆನಿಸಿದ ಮಾನ್ ಎಂಬುವನಿಗೆ ಚೆನ್ ಸೀಮೆಯನ್ನು ಕೊಟ್ಟನೆಂದು ಪ್ರಾಚೀನ ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಈಗಿನ ಹೆನಾನ್ ಪ್ರಾಂತದ ಹ್ವಾಯ್‌ಯಾಂಗ್ ಆ ರಾಜ್ಯದ ರಾಜಧಾನಿಯಿದ್ದ ಸ್ಥಳ. ಬಲಿಷ್ಠರ ನಡುವೆ ಸಿಕ್ಕಿಕೊಂಡ ಚಿಕ್ಕ ರಾಜ್ಯವದು. ಕ್ರಿ.ಪೂ. 672ರಲ್ಲಿ ಅರಮನೆಯ ಒಳಜಗಳಕ್ಕೆ ಹೆದರಿ ವಾನ್ ಎಂಬ ರಾಜಕುಮಾರ ಚಿ ರಾಜ್ಯಕ್ಕೆ ಓಡಿಹೋದ. ಕನ್ಫ್ಯೂಷಿಯಸ್ ತನ್ನ ಶಿಷ್ಯರೊಡನೆ ಅನ್ನವಿಲ್ಲದೆ ಪರದಾಡಿದ್ದು ಈ ಚೆನ್ ಮತ್ತು ನೆರೆಯ ತ್ಸಾಯ್ ರಾಜ್ಯಗಳ ನಡುವೆಯೇ. ಆ ಮಹಾಪುರುಷ ತೀರಿಕೊಂಡದ್ದು ಕ್ರಿ.ಪೂ. 479ರಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣದ ಚೂ ರಾಜ್ಯ ಚೆನ್ ರಾಜ್ಯವನ್ನು ನುಂಗಿಹಾಕಿತು.

ನಾಡು ಹೋಯಿತು. ಆದರೆ ಅಲ್ಲಿನ ರಾಜವಂಶದವರು ನಾಡಿನ ಹೆಸರನ್ನೇ ಮನೆತನದ ಹೆಸರಾಗಿ ಉಳಿಸಿಕೊಂಡರು. ಓಡಿಹೋದ ವಾನನ ವಂಶದವರು ತಿಯೆನ್ ಎನಿಸಿಕೊಂಡು, ಕ್ರಿ.ಪೂ. 386ರಲ್ಲಿ, ಆಶ್ರಯವಿತ್ತ ಚಿ ರಾಜ್ಯದ ಸಿಂಹಾಸನವನ್ನೇ ಏರಿದರು! ಕ್ರಿ.ಶ. 557ರಲ್ಲಿ ಚೆನ್ ಬಾಶಿಯೆನ್ ದಕ್ಷಿಣ ಚೀನದಲ್ಲಿ ಚೆನ್ ರಾಜವಂಶವನ್ನು ಸ್ಥಾಪಿಸಿದ. ವಿಯೆಟ್ನಾಮನ್ನು 1225ರಿಂದ 1400ರವರೆಗೆ ಆಳಿ, ಮಂಗೋಲರ ದಂಡನ್ನು ಹಿಮ್ಮೆಟ್ಟಿಸಿದವರು ತ್ರಾನ್ ಅರಸರು.

ಈ ಹೆಸರಿನವರೆಲ್ಲ ಮಾನನ ರಕ್ತದವರೇ ಎನ್ನಬೇಕಾಗಿಲ್ಲ. ಉತ್ತರ ವೇ ಅರಸರ ಕಾಲದಲ್ಲಿ ಹೌಮೋಚೆನ್ ಎಂಬ ಬೇರೆ ಜನಾಂಗದ ಕುಲದವರು ತಮ್ಮ ಉದ್ದದ ಹೆಸರನ್ನು ಮೊಟಕುಮಾಡಿ ಚೆನ್ ಎಂದು ಕರೆದುಕೊಂಡರು. ಹೆಸರು ಅವರನ್ನೂ ಒಳಗೆ ಸೇರಿಸಿಕೊಂಡಿತು. ಆ ಅಕ್ಷರಕ್ಕೆ 'ಹರಡಿಡು' ಎಂಬ ಅರ್ಥವುಂಟು. 'ಹಳೆಯದು' ಎಂಬ ಅರ್ಥವೂ ಉಂಟು. ಎರಡೂ ಒಪ್ಪುತ್ತವೆ. ರಾಜ್ಯ ಬಾಳಿದ್ದು ಐನೂರಕ್ಕೆ ಸ್ವಲ್ಪ ಮೇಲ್ಪಟ್ಟ ವರ್ಷ. ಅದು ಅಳಿದ ಮೇಲೆ ಹೆಸರು ಬಾಳಿರುವುದು ಎರಡೂವರೆ ಸಾವಿರ ವರ್ಷ.

ನನ್ನ ವಿದ್ಯಾರ್ಥಿ ಮತ್ತೇನೂ ಕೇಳಲಿಲ್ಲ. ಹೊರಡುವಾಗ ಹೊಸ್ತಿಲ ಬಳಿ ನಿಂತು, "ಅಕ್ಷರ ಇರಲಿ ಬಿಡಿ, ಸಾರ್. ಮಗ ಕೇಳಿದರೆ ಊರು ಎಲ್ಲಿದೆಯೆಂದು ಹೇಳುತ್ತೇನೆ" ಎಂದ.