ಸೋಸೆಕಿಯವರ ಲಂಡನ್ ವ್ಯಾಸಂಗ (೧೯೦೦–೧೯೦೨)

ಪರದೇಶಕ್ಕೆ ಹೋಗಿ ಅಲ್ಲಿಯ ಜನರ ನಡುವೆ ವಾಸಮಾಡಿದರೆ ಅವರ ಭಾಷೆ ತಾನಾಗಿಯೇ ಕೈವಶವಾಗುವುದೆಂಬ ನಂಬಿಕೆ ಹಳೆಯದು. ಮೇಯ್ಜಿ ಯುಗದ ಜಪಾನು ಈ ನಂಬಿಕೆಯನ್ನು ರಾಜ್ಯನೀತಿಯನ್ನಾಗಿಯೇ ಮಾಡಿಕೊಂಡು, ಬೊಕ್ಕಸದ ಹಣದಿಂದ ತನ್ನ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಪಶ್ಚಿಮ ದೇಶಗಳಿಗೆ ಕಳುಹಿಸಿತು. ಹಾಗೆ ಹೋದವರಲ್ಲಿ ಕುಮಾಮೊತೊ ನಗರದ ಐದನೆಯ ಪ್ರೌಢ ವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕರಾದ ನತ್ಸುಮೆ ಕಿನ್ನೊಸುಕೆಯವರೂ ಒಬ್ಬರು. ಮುಂದೆ ಸೋಸೆಕಿ ಎಂಬ ಹೆಸರಿನಿಂದ ಜಪಾನೀ ಕಾದಂಬರಿಕಾರರಲ್ಲಿ ಅಗ್ರಗಣ್ಯರಾದವರು ಇವರೇ. ಅವರ ಕಾದಂಬರಿಗಳ ವಿಚಾರವಾಗಿ ಬೇಕಾದಷ್ಟು ಚರ್ಚೆ ನಡೆದಿದೆ. ನಾವಿಲ್ಲಿ ಪರಿಶೀಲಿಸಬಯಸುವುದು ಅವರನ್ನು ಲಂಡನ್ನಿಗೆ ಕಳುಹಿಸಿದ ಆಜ್ಞೆಯನ್ನು, ಮತ್ತು ಅಲ್ಲಿ ಆ ಆಜ್ಞೆ ಪಟ್ಟ ಪಾಡನ್ನು.

೧೯೦೦ರಲ್ಲಿ ವಿದ್ಯಾಮಂತ್ರಾಲಯ ಹೊರಡಿಸಿದ ಆಜ್ಞೆಯಲ್ಲಿ ವ್ಯಾಸಂಗದ ಅವಧಿ ಎರಡು ವರ್ಷ. ವಿಷಯ ಇಂಗ್ಲಿಷ್ ಭಾಷೆ. ಸಾಹಿತ್ಯವೆಂಬ ಮಾತು ಅದರಲ್ಲಿರಲಿಲ್ಲ. ಸೋಸೆಕಿಯವರಾದರೋ ೧೮೯೩ರಲ್ಲಿಯೇ ಟೋಕಿಯೋ ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಸಾಹಿತ್ಯದ ಪದವಿ ಪಡೆದಿದ್ದ, ಮೂವತ್ತಮೂರು ವಯಸ್ಸಿನ ಗೃಹಸ್ಥರು. ಭಾಷೆಯೆಂದರೆ ಸಾಹಿತ್ಯವೂ ಸೇರಿತೇ ಎಂದು ಅವರು ಮಂತ್ರಾಲಯಕ್ಕೆ ಹೋಗಿ ಕೇಳಿದರು. ಅಷ್ಟು ಸಂಕುಚಿತವಾಗಿ ಅರ್ಥಮಾಡಬೇಕಾಗಿಲ್ಲವೆಂಬ ಉತ್ತರ ದೊರೆಯಿತು. ಸಪ್ಟೆಂಬರ್ ೮ರಂದು ಯೊಕೊಹಾಮಾ ಬಂದರನ್ನು ಬಿಟ್ಟು, ಪ್ಯಾರಿಸ್ಸಿನ ಮಹಾಪ್ರದರ್ಶನವನ್ನು ನೋಡಿಕೊಂಡು, ಅಕ್ಟೋಬರ್ ೨೮ರಂದು ಲಂಡನ್ ತಲುಪಿದರು.

ವೇತನ ವರ್ಷಕ್ಕೆ ೧೮೦೦ ಯೆನ್. ಕೇಂಬ್ರಿಜ್ಜಿಗೆ ಹೋಗಿ ವಿಚಾರಿಸಿದಾಗ, ಅಲ್ಲಿಯ ವಿದ್ಯಾರ್ಥಿಗಳ ಶ್ರೀಮಂತ ಜೀವನಕ್ಕೆ ಈ ಹಣ ಸಾಲದೆಂಬುದು ಸ್ಪಷ್ಟವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಡಬ್ಲ್ಯು. ಪಿ. ಕೆರ್ ಅವರ ಉಪನ್ಯಾಸಗಳನ್ನು ಕೆಲವು ಕಾಲ ಕೇಳಿ ಅದನ್ನೂ ನಿಲ್ಲಿಸಿದರು. ಕೊನೆಗೆ ಉಳಿದ ಪಾಠಶಾಲೆಯೆಂದರೆ ಷೇಕ್ಸ್‌ಪಿಯರ್ ವಿದ್ವಾಂಸರಾದ ಡಬ್ಲ್ಯು. ಜೆ. ಕ್ರೇಗ್ ಅವರ ಮನೆಯ ಕೊಠಡಿ. ಐರ್ಲೆಂಡಿನವರಾದ ಕ್ರೇಗರ ಉಚ್ಚಾರಣೆ ಶಿಷ್ಯನಿಗೆ ಸುಲಭವಾಗಿ ಅರ್ಥವಾಗುತ್ತಿರಲಿಲ್ಲ. ಶುದ್ಧ ಇಂಗ್ಲಿಷನ್ನು ಕಲಿತು ಬಾ ಎಂದು ಕಳುಹಿಸಿದ ಮಂತ್ರಾಲಯ ಇದನ್ನು ಊಹಿಸಿದ್ದಿತೆ?

ಕ್ರೇಗರನ್ನು ಕುರಿತು ನಮಗೆ ಎರಡು ಆಧಾರಗಳಿವೆ. ಅವು ಒಂದಕ್ಕೊಂದು ಹೊಂದುವುದಿಲ್ಲ. ೧೯೦೦ರ ನವೆಂಬರಿನ ದಿನಚರಿ ಪಾಠದ ಶುಲ್ಕ ಗಂಟೆಗೆ ಐದು ಷಿಲಿಂಗ್ ಎನ್ನುತ್ತದೆ. ೧೯೦೯ರಲ್ಲಿ ಬರೆದ ನೆನಪಿನ ಪ್ರಬಂಧ ಸಲಕ್ಕೆ ಏಳು ಎನ್ನುತ್ತದೆ. ತಮ್ಮ ಬರಹವನ್ನು ತಿದ್ದಿಕೊಡಬೇಕೆಂದು ಕೇಳಿದಾಗ ಗುರುಗಳು ಪ್ರತ್ಯೇಕ ಹಣ ಬಯಸಿದರೆಂದು ೧೯೦೧ರ ದಿನಚರಿ ಕಹಿಯಾಗಿ ನುಡಿದರೆ, ಪ್ರಬಂಧದ ಕ್ರೇಗರು ಲೌಕಿಕವನ್ನೇ ಮರೆತು ಷೇಕ್ಸ್‌ಪಿಯರ್ ನಿಘಂಟಿಗಾಗಿ ಟಿಪ್ಪಣಿ ಕೂಡಿಹಾಕುತ್ತಿರುವ ವೃದ್ಧ ತಪಸ್ವಿ. ಪ್ರಬಂಧದ ಸೊಗಸಿಗೆ ಮಾರುಹೋಗಿ ಅದನ್ನೇ ಚರಿತ್ರೆಯೆಂದು ಸ್ವೀಕರಿಸುವ ವಾಡಿಕೆಯನ್ನು ನಾವು ಒಪ್ಪಲಾರೆವು. ಹಣದ ಲೆಕ್ಕದಲ್ಲಿ ಅಂದಂದೇ ಬರೆದಿಟ್ಟ ದಿನಚರಿಯೇ ಪ್ರಮಾಣ. ಆದರೆ ಶಿಷ್ಯನಿಗೆ ಕ್ರೇಗರಿಂದ ದೊರೆತದ್ದೇನೆಂಬುದನ್ನು ತಿಳಿಯಲು ಪ್ರಬಂಧವೇ ಬೇಕು: ಅಲ್ಲಿ ಅವರು ಕಂಡದ್ದು ಸಂಭಾಷಣೆಯ ಶಿಕ್ಷಕರನ್ನಲ್ಲ, ಗ್ರಂಥಗಳಲ್ಲಿ ಮುಳುಗಿಹೋದ ಒಬ್ಬ ವಿದ್ವಾಂಸರನ್ನು.

ಇನ್ನು ಆಡುಮಾತಿನ ಅಭ್ಯಾಸ ನಡೆದದ್ದು ಬಾಡಿಗೆಯ ಬಿಡಾರಗಳಲ್ಲಿ. ಎರಡು ವರ್ಷಗಳಲ್ಲಿ ಅವರು ಐದು ಬಿಡಾರಗಳನ್ನು ಬದಲಾಯಿಸಿದರು. ರೋಗಶಯ್ಯೆಯಲ್ಲಿದ್ದ ಮಿತ್ರ ಮಸಾಓಕಾ ಷಿಕಿಯವರಿಗೆ ೧೯೦೧ರಲ್ಲಿ ಬರೆದ ಪತ್ರಗಳಲ್ಲಿ ಮನೆಗೆಲಸದವಳ ಕಾಕ್ನಿ ನುಡಿ ತಮಗೆ ಸ್ವಲ್ಪವೂ ತಿಳಿಯದೆಂದು ವಿನೋದವಾಗಿ ಹೇಳಿಕೊಂಡಿದ್ದಾರೆ. ಮನೆಯೊಡತಿಯಾದರೋ ಸುರಂಗ, ಹುಲ್ಲು ಎಂಬ ಅರ್ಥದ ಸಾಮಾನ್ಯ ಇಂಗ್ಲಿಷ್ ಪದಗಳು ಇವರಿಗೆ ಗೊತ್ತೇ ಎಂದು ಪರೀಕ್ಷಿಸುತ್ತಿದ್ದಳು. ಇಂಗ್ಲಿಷ್ ಸಾಹಿತ್ಯದ ಪದವೀಧರರಿಗೆ ಈ ಪರೀಕ್ಷೆ! ಸಮಾಜದಲ್ಲಿ ಬೆರೆತು ಮಾತು ಕಲಿಯಬೇಕಾದರೆ ಉಡುಪಿಗೂ ಔತಣಕ್ಕೂ ಹಣ ಬೇಕು. ಆ ಹಣ ಪುಸ್ತಕಗಳಿಗೆ ವೆಚ್ಚವಾಗುತ್ತಿತ್ತು. ಎರಡು ವರ್ಷಗಳಲ್ಲಿ ಭಾಷೆ ಪೂರ್ಣವಾಗಿ ವಶವಾಗದೆಂದು ಮನಗಂಡ ಅವರು ಓದಿನ ಕಡೆಗೇ ತಿರುಗಿದರು. ಇದನ್ನು ಸೋಲೆಂದು ಹಲವರು ಬಗೆಯುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದು ವಿವೇಕದ ತೀರ್ಮಾನ.

ವಯಸ್ಸಿನ ಮಾತನ್ನು ಇಲ್ಲಿ ಮರೆಯುವಂತಿಲ್ಲ. ೧೮೭೧ರಲ್ಲಿ ಇವಾಕುರಾ ನಿಯೋಗದೊಡನೆ ಅಮೆರಿಕಕ್ಕೆ ಹೋದ ಐವರು ಹುಡುಗಿಯರಲ್ಲಿ ತ್ಸುದಾ ಉಮೆಕೊ ಆರು ವರ್ಷದ ಮಗು. ವಾಷಿಂಗ್ಟನ್ನಿನ ಲ್ಯಾನ್‌ಮನ್ ದಂಪತಿಗಳ ಮನೆಯಲ್ಲಿ ಮಗಳಂತೆ ಬೆಳೆದು ೧೮೮೨ರಲ್ಲಿ ಹಿಂತಿರುಗುವ ವೇಳೆಗೆ ಇಂಗ್ಲಿಷೇ ಅವರ ತಾಯ್ನುಡಿಯಂತಾಗಿ, ಜಪಾನೀ ಭಾಷೆ ಮರೆತುಹೋಗಿತ್ತು. ಸ್ವದೇಶದಲ್ಲಿ ಅದನ್ನು ಹೊಸದಾಗಿ ಕಲಿಯಬೇಕಾಯಿತು. ಅವರು ಟೋಕಿಯೋದಲ್ಲಿ ಸ್ತ್ರೀಯರಿಗಾಗಿ ಇಂಗ್ಲಿಷ್ ವಿದ್ಯಾಶಾಲೆಯನ್ನು ತೆರೆದದ್ದು ಸೋಸೆಕಿಯವರು ಹಡಗು ಹತ್ತಿದ ೧೯೦೦ರ ಸಪ್ಟೆಂಬರಿನಲ್ಲಿಯೇ. ಒಬ್ಬರಿಗೆ ದೊರೆತದ್ದು ಒಂದು ಮನೆ, ಮತ್ತೊಬ್ಬರಿಗೆ ಬಾಡಿಗೆಯ ಕೋಣೆ. ರಾಜ್ಯದ ಲೆಕ್ಕಪುಸ್ತಕ ಮಾತ್ರ ಇಬ್ಬರನ್ನೂ ಪರದೇಶ ವ್ಯಾಸಂಗವೆಂಬ ಒಂದೇ ಶೀರ್ಷಿಕೆಯಲ್ಲಿ ಸೇರಿಸಿತು.

೧೯೦೧ರ ಜುಲೈಯಿಂದ ಸೋಸೆಕಿಯವರು ಕ್ಲ್ಯಾಪಮ್ ಭಾಗದ ದಿ ಚೇಸ್ ಬೀದಿಯ ೮೧ನೆಯ ಮನೆಯಲ್ಲಿದ್ದರು. ಅಲ್ಲಿ ಕೋಣೆಯ ಬಾಗಿಲು ಮುಚ್ಚಿಕೊಂಡು, ಸಾಹಿತ್ಯವೆಂದರೆ ಮೂಲತಃ ಏನೆಂಬ ಪ್ರಶ್ನೆಯನ್ನು ಹಿಡಿದು, ಮನಶ್ಶಾಸ್ತ್ರ ಸಮಾಜಶಾಸ್ತ್ರಗಳ ಗ್ರಂಥಗಳಿಂದ ಟಿಪ್ಪಣಿಗಳನ್ನು ಸಂಗ್ರಹಿಸಿದರು. ಅವರಿಗೆ ಚಿತ್ತಭ್ರಮಣೆಯಾಗಿದೆಯೆಂಬ ವದಂತಿ ೧೯೦೨ರಲ್ಲಿ ಜಪಾನಿಗೂ ಮುಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ ಬಿಟ್ಟು, ೧೯೦೩ರಲ್ಲಿ ಲಾಫ್ಕಾಡಿಯೊ ಹರ್ನ್ ಅವರ ಸ್ಥಾನದಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಉಪನ್ಯಾಸಕರಾದರು. ಕ್ಲ್ಯಾಪಮ್ಮಿನ ಟಿಪ್ಪಣಿಗಳು ಅಲ್ಲಿ ಉಪನ್ಯಾಸಗಳಾಗಿ, ೧೯೦೭ರಲ್ಲಿ ‘ಬುಂಗಾಕುರೊನ್’ ಎಂಬ ಗ್ರಂಥವಾಗಿ ಅಚ್ಚಾದವು. ಲಂಡನ್ನಿನ ಎರಡು ವರ್ಷಗಳು ತಮ್ಮ ಬಾಳಿನಲ್ಲಿಯೇ ಅತ್ಯಂತ ಅಪ್ರಿಯವಾದವೆಂದು ಅದರ ಮುನ್ನುಡಿಯಲ್ಲಿ ಬರೆದರು. ಅದೇ ವರ್ಷ ಅವರು ಅಧ್ಯಾಪಕ ವೃತ್ತಿಯನ್ನು ತ್ಯಜಿಸಿ, ಜಪಾನೀ ಭಾಷೆಯಲ್ಲಿ ಕಾದಂಬರಿಗಳನ್ನು ಬರೆಯುವುದಕ್ಕಾಗಿ ಅಸಾಹಿ ಪತ್ರಿಕೆಯನ್ನು ಸೇರಿದರು.