ಕೊಳೆರೋಗ: ಲ್ಯಾಟಿನ್ ಪಟ್ಟಿಗೆ ಹೋದ ನಮ್ಮ ಕೆಟ್ಟ ಹೆಸರು

‘ನಾಯಿಕೊಡೆಗಳಂತೆ ತಲೆಯೆತ್ತಿವೆ’ ಅಂತ ಪತ್ರಿಕೆಗಳು ಬೈಯುತ್ತಿದ್ದ ಇಂಜಿನಿಯರಿಂಗ್ ಕಾಲೇಜುಗಳ ಪೈಕಿ ಒಂದರಲ್ಲಿ ನಾನು ಓದಿದ್ದು. ನಾಯಿಕೊಡೆ ಅಂದರೆ ಅಣಬೆ. ತಾತ್ಸಾರ ಆ ಹೆಸರಲ್ಲೇ ಇದೆ. ಆದರೆ ವಿಟ್ಲದ ಅಡಿಕೆ ತೋಟಕ್ಕೆ ಬಂದರೆ ಇಂಥ ಹೆಸರುಗಳಲ್ಲಿ ತಾತ್ಸಾರ ಕಾಣುವುದಿಲ್ಲ, ಭಯ ಕಾಣುತ್ತದೆ.

ಮೊದಲನೆಯದು ಅಣಬೆ ರೋಗ. ಇದಕ್ಕೆ ಕಾರಣ ಗ್ಯಾನೋಡರ್ಮಾ ಎಂಬ ಶಿಲೀಂಧ್ರ. ಅಡಿಕೆ ಮರದ ಬುಡದಲ್ಲಿ ಅಣಬೆ ಕಾಣುವಷ್ಟರಲ್ಲಿ ಒಳಗೆ ಬೇರು ಕೊಳೆತಿರುತ್ತದೆ. ಆ ಮರದ ಆಸೆ ಬಿಟ್ಟು, ಸುತ್ತ ಕಂದಕ ತೋಡಿ ಪಕ್ಕದ ಮರಗಳನ್ನು ಉಳಿಸಿಕೊಳ್ಳಬೇಕು.

ಎರಡನೆಯದು ಕೊಳೆರೋಗ. ಕೇರಳದ ಕಡೆ ಇದೇ ಮಹಾಳಿ. ಜಡಿಮಳೆಯಲ್ಲಿ ಎಳೆ ಅಡಿಕೆ ಬಣ್ಣಗೆಟ್ಟು ಉದುರುತ್ತದೆ, ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಇದರ ಬಗ್ಗೆ ಬರೆದರು. ಕಾರಣ ಫೈಟೋಫ್ತೊರಾ. ಗ್ರೀಕ್‌ನಲ್ಲಿ ಇದರರ್ಥ ಸಸ್ಯನಾಶಕ! ಹೆದರಿಸುವ ಹೆಸರಿಡುವುದು ಹಳ್ಳಿಯವರು ಮಾತ್ರ ಅಂದುಕೊಳ್ಳಬೇಡಿ. ಅಂದಹಾಗೆ, ಇಂದಿನ ವರ್ಗೀಕರಣದಲ್ಲಿ ಇದು ಶಿಲೀಂಧ್ರವೇ ಅಲ್ಲ, ಸಮುದ್ರದ ಕಂದು ಪಾಚಿಗಳ ದೂರದ ನೆಂಟ.

ಕಾಫಿಗೂ ಒಂದು ಕೊಳೆರೋಗವಿದೆ. ಅದರ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ.ಸಿ. ಕುಕ್ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟರು. 1958ರಲ್ಲಿ ಡಾಂಕ್ ಎಂಬ ವಿಜ್ಞಾನಿ ‘ಕೊಳೆರೋಗ’ವನ್ನೇ ಕುಲದ ಹೆಸರು ಮಾಡಿ ‘ಕೊಳೆರೋಗ ನಾಕ್ಸಿಯಾ’ ಎಂದರು. ನಾಕ್ಸಿಯಾ ಅಂದರೆ ಹಾನಿಕರ. ಮುಂದೆ ಅದನ್ನು ಬೇರೆ ಕುಲಕ್ಕೆ ಸೇರಿಸಿದರು, ಆ ಮಾತು ಬೇರೆ.

ಎರಡು ಬೇರೆ ಜೀವಿಗಳಿಗೆ ಒಂದೇ ಹೆಸರು. ಇದು ರೈತರ ಅಜ್ಞಾನವಲ್ಲ. ವಿಜ್ಞಾನ ಹಾನಿ ಮಾಡಿದವನನ್ನು ಹೆಸರಿಸುತ್ತದೆ, ರೈತರು ಆದ ಹಾನಿಯನ್ನು ಹೆಸರಿಸುತ್ತಾರೆ. ಎರಡೂ ಬೇಕು. 1956ರಲ್ಲಿ ವಿಟ್ಲದಲ್ಲಿ ಶುರುವಾದ ಅಡಿಕೆ ಸಂಶೋಧನಾ ಕೇಂದ್ರದ ಕೆಲಸವೂ ಈ ಎರಡರ ನಡುವೆಯೇ.

ಮದ್ದು ಗುಟ್ಟೇನಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ: ಇದು ಶೇ. 1ರ ಬೋರ್ಡೋ ದ್ರಾವಣ. ಮಳೆಗಾಲಕ್ಕೆ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಕಷ್ಟ ಇರುವುದು ಮಳೆ ಬಿಡುವು ಕೊಡುವುದರಲ್ಲಿ, ಮರ ಹತ್ತುವವರು ಸಿಗುವುದರಲ್ಲಿ.

ಇವೆರಡೂ ಸಿಗದ ವರ್ಷ ಉಳಿಯುವುದು ವಿಮೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ಲೆಕ್ಕವಾಗುವುದು ಮಳೆಯಂಥ ಹವಾಮಾನದ ಅಂಕಿಗಳಿಂದ, ಉದುರಿದ ಕಾಯಿಯಿಂದಲ್ಲ. ರೋಗಕ್ಕೆ ನಾವು ಯಾವ ಹೆಸರಿಟ್ಟರೂ ಆ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ತುಂಬ ಸರಳ: ನಮ್ಮ ಪಂಚಾಯತಿನ ಮಳೆಮಾಪಕ ಎಲ್ಲಿದೆ, ಅದು ಸರಿಯಾಗಿ ಕೆಲಸ ಮಾಡುತ್ತಿದೆಯಾ?